ಹಿಂಬದಿಯ ಕಂಬಿ

ಮಾರೆಣ್ಣ ಆ ಲಾರಿಯ ಕೆಳಗೆ ಮಲಗಿ ಕೆಲಸ ಮಾಡಿದ್ದು ಮೂರು ತಿಂಗಳು. ಮಿಲಿಟರಿಯವರು ಹರಾಜಿಗೆ ಬಿಟ್ಟಿದ್ದ ಹಳೇ ಚಾಸಿ, ಯಾವುದೋ ಜೀಪಿನ ಮುಂದಿನ ಆಕ್ಸಲ್, ಕುರುಗೋಡಿನ ಬಡಿಗೇರ ಕೊಯ್ದುಕೊಟ್ಟ ಜಾಲಿ ಹಲಗೆ. ಇವನ್ನೆಲ್ಲ ತನ್ನ ಬಳ್ಳಾರಿಯ ಶೆಡ್ಡಿನಲ್ಲಿ ಕೂಡಿಸಿ, ನಾಲ್ಕೂ ಗಾಲಿ ಎಳೆಯುವ ಗಾಡಿ ಮಾಡಿದ. ಇಲಿ ಕಡಿದ ವೈರನ್ನೆಲ್ಲ ಕಿತ್ತು ಹೊಸದಾಗಿ ಎಳೆದ. ಮಾಡಿಸಿದವನು ರಾರಾವಿಯ ಸಾಹುಕಾರ ಕೊಟ್ಟೂರಪ್ಪ; ಅವನ ಗದ್ದೆಗೆ ಬೇರೆ ಲಾರಿ ಇಳಿದರೆ ಎರೆ ಮಣ್ಣು ಅಚ್ಚಿನ ತನಕ ನುಂಗುತ್ತಿತ್ತು.

ಹೋದ ಸುಗ್ಗಿಯಲ್ಲಿ ಅದೇ ಗದ್ದೆಗೆ ಕೂಲಿಗೆ ಹೋಗಿದ್ದ ಮಾರೆಣ್ಣನ ಅಕ್ಕ ಹನುಮಮ್ಮ, ಟ್ರೇಲರ್ ಹತ್ತಲು ಗಾಲಿಯ ಮೇಲೆ ಕಾಲಿಟ್ಟಳು. ಗಾಡಿ ಕದಲಿತು. ಕಾಲಿನ ಎರಡು ಬೆರಳು ಹೋದವು. ಅದಕ್ಕೇ ಮಾರೆಣ್ಣ ಈ ಲಾರಿಗೆ ಹಿಂದೊಂದು ಮೆಟ್ಟಿಲಿರಲಿ ಎಂದಿದ್ದ.

"ಮೆಟ್ಟಲಾ ಯಾಕಲೇ ಮಾರ್ಯಾ?" ಎಂದ ಕೊಟ್ಟೂರಪ್ಪ. "ಭತ್ತದ ಚೀಲಕ್ಕ ಕಾಲದಾವೇನು?"

"ಹೊರೋರಿಗೆ ಅದಾವಲ್ರಿ ಸಾವ್ಕಾರ್ರ."

"ಇವತ್ತು ಮೆಟ್ಟಲಾ ಕೊಟ್ರ ನಾಳಿ ಕುಂಡ್ರಾಕ ಸೀಟು ಕೇಳ್ತಾರ. ನಡ್ಕೊಂತ ಬರಲಿ. ಬ್ಯಾಡ ಅಂದ್ರ ಬ್ಯಾಡ."

ವಾದ ಮಾಡುವ ಕಸುವು ಮಾರೆಣ್ಣನಲ್ಲಿ ಉಳಿದಿರಲಿಲ್ಲ. ಕೈಗಳಿಗೆ ಮಾತ್ರ ಇನ್ನೂ ಹಟವಿತ್ತು. ಬ್ಯಾಟರಿ ಪೆಟ್ಟಿಗೆಯನ್ನು ಹಿಂಬದಿಯ ಹಲಗೆಗೆ, ಮೊಣಕಾಲೆತ್ತರಕ್ಕೆ ತೂಗುಹಾಕಿ, ದಪ್ಪ ತಗಡಿನ ಮುಚ್ಚಳ ಹಾಕಿದ. ಮನುಷ್ಯರ ಕಾಲಿಗೆ ಕೊಡದ ಜಾಗವನ್ನು ಬ್ಯಾಟರಿಗೆ ಕೊಡಲು ಸಾಹುಕಾರನ ತಕರಾರೇನೂ ಇರಲಿಲ್ಲ. ಪೆಟ್ಟಿಗೆಯಿಂದ ಮೇಲಕ್ಕೊಂದು ಕಬ್ಬಿಣದ ಕಂಬಿ ಬಾಗಿಸಿ ಬೆಸೆದ. ಕೇಳಿದರೆ "ಹಗ್ಗ ಕಟ್ಟಾಕ್ರಿ" ಎಂದ. ಬ್ಯಾಟರಿಯ ಅರ್ತ್ ಆ ಕಂಬಿಯ ಮೂಲಕವೇ ಚಾಸಿಗೆ ಹೋಗುವಂತೆ ಮಾಡಿದ. ಕಂಬಿ ಕಡಿದರೆ ಬ್ಯಾಟರಿಯ ದಾರಿಯೇ ಕಡಿದಂತೆ, ಲಾರಿ ಬರೀ ಹಲಗೆ.

ಲಾರಿ ಹೋಗಿ ಹತ್ತು ದಿನಕ್ಕೆ ಡ್ರೈವರ್ ಜಂಬಣ್ಣ ಮುಂಜಾನೆಯ ಬಸ್ಸಿಗೆ ಶೆಡ್ಡಿಗೆ ಬಂದ.

"ಗಾಡಿ ಸತ್ತೈತಿ ಮಾರೆಣ್ಣ. ಹೆಣ್ಮಕ್ಕಳು ಕಂಬಿ ಹಿಡ್ದು ಹತ್ತಿದ್ರು. ಸಾವ್ಕಾರ ನೋಡಿ ಕಡೀ ಅಂದ. ನಾನಾ ಗರಗಸ ಹಾಕೀನಿ. ಈಗ ಹ್ಯಾಂಡಲ್ ತಿರುವಿದ್ರೂ ಕಿಡಿ ಇಲ್ಲ."

ಮಾರೆಣ್ಣ ಚೀಲಕ್ಕೆ ಕಬ್ಬಿಣದ ಕೊಳವೆ, ಎರಡು ಕ್ಲಾಂಪು, ಬೋಲ್ಟು ಹಾಕಿಕೊಂಡ. ಒಂದು ಗಳಿಗೆ ನಿಂತು, ಮೊಳದುದ್ದದ ದಪ್ಪ ಕೇಬಲನ್ನೂ ತುರುಕಿದ. ಜಂಬಣ್ಣ ಅದನ್ನು ನೋಡಿದ. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಇಬ್ಬರೂ ರಾರಾವಿಯಲ್ಲಿ ಇಳಿದರು.

ಗದ್ದೆಯಲ್ಲಿ ಚೀಲ ತುಂಬಿದ ಲಾರಿ ನಿಂತಿತ್ತು. ಮೇಲೆ ಮೋಡ. ಒಂಬತ್ತು ಹೆಂಗಸರು ಬದುವಿನ ಮೇಲೆ ಕುಂತಿದ್ದರು, ಹನುಮಮ್ಮ ಕಾಲು ಚಾಚಿಕೊಂಡು. ಕಂಬಿಯಿಲ್ಲದೆ ಗಾಡಿ ಏಳುವುದಿಲ್ಲವೆಂದು ಮಾರೆಣ್ಣ ಹೇಳಿದ.

ಕೊಟ್ಟೂರಪ್ಪ ದಡ್ಡನಲ್ಲ. "ಅಲ್ಲಲೇ, ಒಂದು ವೈರ್ ಎಳದು ಕೂಡ್ಸಾಕ ಬರಂಗಿಲ್ಲೇನು?"

"ಸೆಲ್ಫ್ ಎಳಿಯೋ ಕರೆಂಟಿಗೆ ಸಣ್ಣ ವೈರ್ ತಡಿಯಂಗಿಲ್ರಿ."

ಸುಳ್ಳೇನೂ ಅಲ್ಲ. ದಪ್ಪದ್ದು ತಡೆಯುತ್ತಿತ್ತು, ಅದು ಹೆಗಲ ಚೀಲದಲ್ಲೇ ಇತ್ತು.

"ಏನಪಾ ಜಂಬಣ್ಣ, ಇಂವ ಹೇಳೋದು ಖರೇ ಏನು?"

ಜಂಬಣ್ಣ ಚೀಲವನ್ನು ನೋಡಿದ. ಆಮೇಲೆ ಗರಗಸ ಹಿಡಿದಿದ್ದ ತನ್ನ ಅಂಗೈ ನೋಡಿಕೊಂಡ.

"ಖರೇ ರೀ. ಸುಟ್ಟು ಹೋಗತೈತಿ."

ಮೊದಲ ಹನಿ ಬಿತ್ತು. "ಹಾಕಲೇ, ಲಗೂನ ಹಾಕು!" ಎಂದ ಸಾಹುಕಾರ.

ಮಾರೆಣ್ಣ ಕೆಸರಿನಲ್ಲಿ ಮೊಣಕಾಲೂರಿದ. ಕಡಿದ ಎರಡು ತುದಿಗೂ ಕೊಳವೆ ತೊಡಿಸಿ, ಕ್ಲಾಂಪು ಬಿಗಿದ. ಎರಡನೇ ಸಲಕ್ಕೆ ಇಂಜಿನ್ ಎದ್ದಿತು. ಆದರೆ ಸ್ಟೇರಿಂಗ್ ಹಿಡಿದು ಕುಂತ ಜಂಬಣ್ಣ ಲಾರಿ ಮುಂದೆ ಬಿಡಲಿಲ್ಲ.

ಹನುಮಮ್ಮ ಕುಂಟುತ್ತ ಬಂದು ಕಂಬಿ ಹಿಡಿದು ಅಲುಗಿಸಿದಳು. "ಗಟ್ಟಿ ಐತೇನೋ ತಮ್ಮಾ?"

"ಐತಿ. ಹತ್ತಕ್ಕ."

ಬೆರಳಿಲ್ಲದ ಕಾಲನ್ನೇ ಮೊದಲು ಪೆಟ್ಟಿಗೆಯ ಮೇಲಿಟ್ಟಳು. ಅವಳ ಹಿಂದೆ ಉಳಿದವರೂ ಹತ್ತತೊಡಗಿದರು.

"ಲೇ ಜಂಬ್ಯಾ, ಬಿಡೋ ಗಾಡಿ!"

"ಇಂಜಿನ್ ಕಾಯ್ಬೇಕಲ್ರಿ ಸಾವ್ಕಾರ್ರ," ಎಂದ ಜಂಬಣ್ಣ, ಕುಂತಲ್ಲಿಂದಲೇ. "ನೀವಾ ತಣ್ಣಗ ಮಾಡೀರಿ."

ಕೊಟ್ಟೂರಪ್ಪ ಮೋಡ ನೋಡಿದ, ಚೀಲ ನೋಡಿದ, ಬೈಗುಳ ನುಂಗಿ ಮುಂದಿನ ಸೀಟು ಹತ್ತಿದ. ಒಂಬತ್ತನೆಯವಳು ಚೀಲಗಳ ಮೇಲೆ ಕುಂತಮೇಲೆ ಜಂಬಣ್ಣ ಗೇರ್ ಹಾಕಿದ.

"ಮಾರ್ಯಾ, ನೀ?" ಮೇಲಿನಿಂದ ಅಕ್ಕ ಕೂಗಿದಳು.

ಜಾಗವಿರಲಿಲ್ಲ. ಅವನು ಹೋಗಿರೆಂದು ಕೈಯಾಡಿಸಿದ.

ನಾಳೆಯೋ ನಾಡಿದ್ದೋ ಬೇರೆ ಮೇಸ್ತ್ರಿ ಬರುತ್ತಾನೆ, ಮೊಳ ಕೇಬಲ್ ಎಳೆದು ಕಂಬಿ ಕೀಳುತ್ತಾನೆ. ಆಗ ಮತ್ತೇನಾದರೂ ಯೋಚಿಸಬೇಕು. ಯೋಚಿಸಿ ಯೋಚಿಸಿ ತಲೆಗೂ ಸಾಕಾಗಿತ್ತು. ಒಂದು ಮೆಟ್ಟಿಲಿಗೆ ಇಷ್ಟು. ಎರೆ ಮಣ್ಣು ಚಪ್ಪಲಿ ಹಿಡಿದುಕೊಂಡಿತು. ಕಿತ್ತು ಕೈಯಲ್ಲಿ ಹಿಡಿದುಕೊಂಡು, ಗಾಲಿಯ ಜಾಡಿನಲ್ಲಿ ನಡೆದ.