ಗೆಣಸಿನ ಹೋಳಿಗೆಯ ಸೋಮವಾರ

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿಗೆ ಸೊಸೆಯಾಗಿ ಬಂದ ಕಮಲಾದೇವಿಗೆ ಮೊದಮೊದಲು ಅತ್ತೆ ಗಿರಿಜಾದೇವಿಯವರನ್ನು ಕಂಡರೆ ಅಳುಕು. ಮಾತು ಕಡಿಮೆ, ಬೆಳಗಾದರೆ ಹಿತ್ತಲು ಸೇರುವ ಹೆಂಗಸು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಆ ಹಿತ್ತಲು ತುಂಬಿಕೊಂಡ ರೀತಿ ನೋಡಿ ಸೊಸೆಯ ಕಣ್ಣರಳಿತು. ನವಿಲುಕೋಸು ದಪ್ಪಗಾಗಿತ್ತು, ಅವರೆ ಚಪ್ಪರದ ತುಂಬ ಕಾಯಿ, ಬಚ್ಚಲುಮನೆಯ ಹೆಂಚಿನ ಮೇಲೆ ಸಿಹಿಗುಂಬಳ, ಬೇಲಿಯುದ್ದಕ್ಕೂ ಗೆಣಸಿನ ಬಳ್ಳಿ.

ಕಾರ್ತಿಕದ ಕಡೆಯ ಸೋಮವಾರ ಬೀದಿಯವರನ್ನೆಲ್ಲ ಊಟಕ್ಕೆ ಕರೆಯುವುದು ಆ ಮನೆಯ ಪದ್ಧತಿ. “ಈ ಸಲ ಮಾರ್ಕೆಟ್ಟಿಂದ ಒಂದು ತರಕಾರೀನೂ ತರಲ್ಲ, ಎಲ್ಲಾ ನಮ್ಮ ಹಿತ್ತಲಿಂದೇ” ಎಂದು ಅತ್ತೆ ಸಾರಿಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಕೊಯ್ಯಲೆಂದು ಬುಟ್ಟಿ ಹಿಡಿದು ಹಿಂಬಾಗಿಲು ತೆರೆದರೆ, ಬೇಲಿ ಮುರಿದು ಎರಡು ಎಮ್ಮೆಗಳು ಒಳಗೆ ನಿಂತಿದ್ದವು. ನವಿಲುಕೋಸಿನ ಸಾಲು ನೆಲಸಮ. ಅವರೆ ಚಪ್ಪರ ಮಗುಚಿ ಬಿದ್ದಿತ್ತು. ಒಂದು ಎಮ್ಮೆಯ ಬಾಯಲ್ಲಿ ಗೆಣಸಿನ ಬಳ್ಳಿ ಇನ್ನೂ ನೇತಾಡುತ್ತಿತ್ತು.

ಕಮಲಾದೇವಿಗೆ ಅಳುವೇ ಬಂತು. “ಅತ್ತೆ, ಎಲ್ಲಾ ಹೋಯ್ತು! ಯಾರನ್ನಾದ್ರೂ ಮಾರ್ಕೆಟ್ಟಿಗೆ ಕಳಿಸೋಣ್ವಾ?”

ಗಿರಿಜಾದೇವಿ ಹಾಳಾದ ಸಾಲುಗಳ ನಡುವೆ ಒಂದು ಸುತ್ತು ಬಂದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಮೇಲಿಂದು ತಿಂದಿವೆ. ಮಣ್ಣೊಳಗಿಂದು ಹಾಗೇ ಇದೆಯಲ್ಲ. ಗುದ್ದಲಿ ತಗೊಂಬಾ” ಎಂದರು.

ಅಷ್ಟರಲ್ಲಿ ಎಮ್ಮೆಗಳ ಒಡೆಯ, ಪಕ್ಕದ ಸಿದ್ದಾಪುರದ ಬೈರಣ್ಣ, ಏದುಸಿರು ಬಿಡುತ್ತಾ ಓಡಿಬಂದ. “ತಪ್ಪಾಯ್ತು ಅಮ್ಮಾವ್ರೇ, ಹಗ್ಗ ಕಿತ್ಕೊಂಡ್ ಬಂದ್ಬಿಟ್ಟವೆ” ಎಂದು ಬೈಸಿಕೊಳ್ಳಲು ತಯಾರಾಗಿ ತಲೆತಗ್ಗಿಸಿ ನಿಂತ.

“ಮೊದ್ಲು ಅವನ್ನ ಆಚೆ ಕಟ್ಟಿ ಬಾ ಬೈರಣ್ಣ. ನೀನು ಅಗಿ, ನಾವು ಆರಿಸ್ಕೋತೀವಿ. ನಾಳೆ ಹೆಂಡ್ತೀನೂ ಕರ್ಕೊಂಡು ಊಟಕ್ಕೆ ಬಂದ್ಬಿಡು.”

ಬೈರಣ್ಣ ಅಗೆದಂತೆಲ್ಲ ಕೆಂಪು ಗೆಣಸು ಗೊಂಚಲು ಗೊಂಚಲಾಗಿ ಮೇಲೆದ್ದಿತು. “ಅಬ್ಬಬ್ಬಾ, ಏನ್ ಗೆಣಸು ಅಮ್ಮಾವ್ರೇ!” ಎಂದು ಅವನು ಭಯವನ್ನೇ ಮರೆತ. ಗಿರಿಜಾದೇವಿ ತಾವೇ ಏಣಿ ಹತ್ತಿ ಕುಂಬಳಕಾಯಿಗಳನ್ನು ಒಂದೊಂದಾಗಿ ಇಳಿಸಿದರು. ಆ ವಯಸ್ಸಿನಲ್ಲಿ ಅತ್ತೆ ಹೆಂಚಿನಂಚಿಗೆ ಒರಗಿ ನಿಂತಿದ್ದ ಭಂಗಿಯನ್ನು ಕಮಲಾದೇವಿ ಕೆಳಗಿನಿಂದ ಬೆರಗಾಗಿ ನೋಡಿದಳು. ತುಳಿತಕ್ಕೆ ಸಿಕ್ಕ ಅವರೆಕಾಯನ್ನೂ ಬಿಡದೆ ಆರಿಸಿ ಸುಲಿದದ್ದಾಯಿತು.

ಸೋಮವಾರದ ಎಲೆಯ ಮೇಲೆ ಅವರೆಕಾಳಿನ ಸಾರು, ಕುಂಬಳಕಾಯಿ ಪಲ್ಯ, ಗೆಣಸಿನ ಹೋಳಿಗೆ. ಬೈರಣ್ಣ ಒಂದು ಗಡಿಗೆ ಮೊಸರು ಹೊತ್ತು ತಂದಿದ್ದ. ಎದುರುಮನೆಯ ಜಯದೇವಪ್ಪನವರು ಹೋಳಿಗೆಯನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು.

ಎಲ್ಲರೂ ಹೋದ ಮೇಲೆ ಕಮಲಾದೇವಿ ಮೆಲ್ಲಗೆ ಕೇಳಿದಳು: “ನಿನ್ನೆ ನಿಮಗೆ ಸಿಟ್ಟೇ ಬರ್ಲಿಲ್ವಾ ಅತ್ತೆ?”

“ಬಂತು ಕಣೇ, ಸುಮ್ನೆ ನಿಂತಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು. ಅದಕ್ಕೇ ಗುದ್ದಲಿ ಕೇಳಿದ್ದು” ಎಂದು ಗಿರಿಜಾದೇವಿ ನಕ್ಕರು.

ಮಾರನೆಯ ಬೆಳಿಗ್ಗೆ ಅವರು ಮೂಲಂಗಿ ಬೀಜ ಹಿಡಿದು ಹಿತ್ತಲಿಗೆ ಹೋದಾಗ, ಸೊಸೆ ಆಗಲೇ ಮಣ್ಣು ಸಡಿಲಿಸುತ್ತಾ ಕೂತಿದ್ದಳು.