ಗುಡಿಸು ಬಿದ್ದ ಪುಟ

ಮಗು ಬೆಳಗಿನಿಂದ ವಾಂತಿ ಮಾಡಿಕೊಳ್ಳುತ್ತಿದೆ ಎಂದು ಮಗಳು ಫೋನ್ ಮಾಡಿದಾಗ ಡಾಕ್ಟರಮ್ಮ ತಮ್ಮ ಹೊಸ ಪುಸ್ತಕಕ್ಕೆ ಸಹಿ ಹಾಕುತ್ತ ಕೂತಿದ್ದರು. ಜೀವಮಾನವೆಲ್ಲ ಮಕ್ಕಳ ವಾರ್ಡಿನಲ್ಲಿ ಓಡಾಡಿದ ಅನುಭವವನ್ನು ಎಳೆಕೂಸುಗಳ ತಾಯಂದಿರಿಗಾಗಿ ಬರೆದಿಟ್ಟ ಪುಸ್ತಕ ಅದು. ಪ್ರಕಟಿಸಿದವನು ಒಡಹುಟ್ಟಿದ ತಮ್ಮನೇ. ಪುಟಗಳಿಂದ ಅಚ್ಚಿನ ವಾಸನೆ ಇನ್ನೂ ಹೋಗಿರಲಿಲ್ಲ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೊಮ್ಮಗಳ ಕಣ್ಣುಗಳು ಒಳಕ್ಕೆ ಇಳಿದಿದ್ದವು. ಅಳುವುದಕ್ಕೂ ತ್ರಾಣವಿರಲಿಲ್ಲ. ಪುಟ್ಟ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದ್ದರು.

"ಹಾಲಿನ ಪುಡೀನ ಯಾವ ನೀರಲ್ಲಿ ಕಲಸ್ತಿದ್ರಿ?" ವಾರ್ಡಿನ ಡಾಕ್ಟರ್ ಮಗಳನ್ನು ಕೇಳಿದ.

"ನಲ್ಲಿ ನೀರಲ್ಲಿ."

"ಕಾಯಿಸದೇನಾ?" ಡಾಕ್ಟರಮ್ಮ ನಡುವೆ ಬಾಯಿ ಹಾಕಿದರು. "ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೇ? ಇದನ್ನೂ ನಾನು ಹೇಳಿಕೊಡಬೇಕಾ?"

ಮಗಳು ದನಿ ಏರಿಸಲಿಲ್ಲ. "ಮುಂಚೆ ಕುದಿಸ್ತಾನೇ ಇದ್ದೆ ಅಮ್ಮ. ನಿನ್ನ ಪುಸ್ತಕ ಓದಿದ ಮೇಲೆ ಬಿಟ್ಟೆ. ಇಷ್ಟು ದಿನ ತಪ್ಪು ಮಾಡಿದ್ನಲ್ಲ ಅಂತ ಬೇಜಾರೂ ಮಾಡ್ಕೊಂಡೆ."

ಮಗುವಿನ ಬಟ್ಟೆಗಳ ಚೀಲದಿಂದ ಪುಸ್ತಕ ತೆಗೆದು, ಪುಟ ಬಿಡಿಸಿ ಅಮ್ಮನ ಕೈಗಿತ್ತಳು. ಡಾಕ್ಟರಮ್ಮ ಓದಿದರು. ಸರಿಯಾಗೇ ಇದೆಯಲ್ಲ ಅನ್ನಿಸಿತು. ಮತ್ತೊಮ್ಮೆ, ಅಕ್ಷರ ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

'ಪುಡಿಯನ್ನು ಕುದಿಸದ ನೀರಿನಲ್ಲೇ ಕಲಸಿ. ಈ ವಿಷಯದಲ್ಲಿ ಉದಾಸೀನ ಬೇಡ.'

'ಸಿ'ಯ ಗುಡಿಸು ಬಿದ್ದುಹೋಗಿ ಬರೀ 'ಸ' ಉಳಿದಿತ್ತು. ಕುದಿಸಿದ ನೀರು ಕುದಿಸದ ನೀರಾಗಿತ್ತು. ಡಾಕ್ಟರಮ್ಮ ಮಂಚದ ಕಂಬಿ ಹಿಡಿದು ನಿಂತೇ ಇದ್ದರು.

ಆಮೇಲೆ ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದರು. ವಿಷಯ ಹೇಳಿದರು.

"ಕರಡು ತಿದ್ದುವವರಿಗೆ ಕಳಿಸ್ತೀನಿ ಅಂದೆ ಅಕ್ಕ. ನೀನೇ ಬೇಡ ಅಂದೆ. 'ನಾನು ಬರೆದಿದ್ದನ್ನ ನನಗಿಂತ ಚೆನ್ನಾಗಿ ಯಾರು ಓದ್ತಾರೆ' ಅಂದೆ ನೀನು. ನನಗೂ ಬಿಡುಗಡೆಯ ಅವಸರ, ಸುಮ್ಮನಾದೆ."

"ಎಲ್ಲೆಲ್ಲಿಗೆ ಹೋಗಿದೆ?"

"ಅಂಗಡಿಗಳಿಗೆ. ಹೆರಿಗೆ ಆಸ್ಪತ್ರೆಗೂ ಕೊಟ್ಟಿದೀನಿ. ಮನೆಗೆ ಹೋಗೋ ತಾಯಂದಿರಿಗೆ ಹಂಚಲಿ ಅಂತ."

ಡಾಕ್ಟರಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಕೂತಲ್ಲಿಂದಲೇ ಹೆರಿಗೆ ಆಸ್ಪತ್ರೆಯ ನರ್ಸನ್ನು ಫೋನಿನಲ್ಲಿ ಹಿಡಿದು, ಪುಸ್ತಕ ಒಯ್ದವರ ಫೋನ್ ನಂಬರು ಕೇಳಿದರು. ತಮ್ಮನೂ ಅಂಗಡಿ ಅಂಗಡಿ ಸುತ್ತಿ ಪುಸ್ತಕಗಳನ್ನು ವಾಪಸು ತಂದ. ಡಾಕ್ಟರಮ್ಮ ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿ, "ಪುಸ್ತಕದಲ್ಲಿ ತಪ್ಪಾಗಿದೆ, ನೀರು ಕುದಿಸಿ, ಕುದಿಸಿಯೇ ಕೊಡಿ" ಎಂದು ಹೇಳಿದರು. ಕೆಲವರು ಬೈದರು. ಡಾಕ್ಟರಮ್ಮ ಬೈಸಿಕೊಂಡರು.

ಒಬ್ಬ ತಾಯಿ ಮಾತ್ರ, "ಅಯ್ಯೋ, ಅದನ್ನ ಓದಿ ನಮ್ಮತ್ತೆ ಜೊತೆ ದೊಡ್ಡ ಜಗಳವೇ ಆಡಿದ್ದೆ ಮೇಡಂ" ಅಂದಳು. "ಅವರು ಜಪ್ಪಯ್ಯ ಅಂದ್ರೂ ಕೇಳದೆ ನೀರು ಕಾಯಿಸ್ತಾನೇ ಇದ್ರು. ಈಗ ಯಾವ ಮುಖ ಇಟ್ಕೊಂಡು ಅವರ ಹತ್ರ ಹೋಗ್ಲಿ?" ಎಂದೂ ಕಾಣದ ಆ ಅತ್ತೆಯ ಮೊಂಡುತನಕ್ಕೆ ಡಾಕ್ಟರಮ್ಮ ಮನಸ್ಸಿನಲ್ಲೇ ಕೈ ಮುಗಿದರು.

ಮೊಮ್ಮಗಳು ಚೇತರಿಸಿಕೊಂಡು ಮನೆಗೆ ಬಂದಳು. ಮಗಳು ಅಮ್ಮನನ್ನು ದೂರಲಿಲ್ಲ. ಆದರೆ ಅಮ್ಮ ಏನು ಹೇಳಿದರೂ ಈಗ "ಖಂಡಿತಾನಾ?" ಎಂದು ತಿರುಗಿ ಕೇಳುತ್ತಿದ್ದಳು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಮತ್ತೆ ಅಚ್ಚು ಹಾಕಿಸುವ ಮೊದಲು ತಮ್ಮನೇ ಕರಡು ತಿದ್ದುವವರನ್ನು ಕಚೇರಿಗೆ ಕರೆಸಿದ. ಕನ್ನಡ ಎಂ.ಎ. ಮಾಡಿ, ಇದನ್ನೇ ಕಸುಬು ಮಾಡಿಕೊಂಡಿದ್ದ ಹೆಂಗಸು ಆಕೆ. ಹಸ್ತಪ್ರತಿಯನ್ನು ಒಂದು ಕಡೆ, ಅಚ್ಚಾದ ಪುಸ್ತಕವನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸತೊಡಗಿದರು. ಡಾಕ್ಟರಮ್ಮ ಎದುರಿಗೇ ಕೂತರು.

"ನಾನು ಎರಡು ಸಲ ಓದಿದ್ದೆ" ಅಂದರು.

"ಬರೆದವರಿಗೆ ಅದು ಕಾಣಲ್ಲ ಮೇಡಂ. ನಾನು ಬರೆದದ್ದನ್ನೂ ಬೇರೆಯವರ ಹತ್ರಾನೇ ಓದಿಸ್ತೀನಿ" ಅಂದ ಆಕೆ ಪುಟ ತಿರುವಿದರು. ಜ್ವರದ ಅಧ್ಯಾಯಕ್ಕೆ ಬಂದಾಗ ಪೆನ್ಸಿಲು ನಿಂತಿತು. "ಔಷಧಿ ಎಷ್ಟು ಕೊಡಬೇಕು ಅಂತ ಬರೆದಿದ್ರಿ?"

"ಕಾಲು ಚಮಚ."

ಆಕೆ ಪುಸ್ತಕವನ್ನು ಅವರ ಕಡೆ ತಿರುಗಿಸಿದರು. ಅಲ್ಲಿ 'ನಾಲ್ಕು ಚಮಚ' ಎಂದಿತ್ತು.

ಅಲ್ಲೇ ಇದ್ದ ತಮ್ಮ ತಲೆ ಹಿಡಿದುಕೊಂಡ. ಡಾಕ್ಟರಮ್ಮ ಫೋನ್ ಎತ್ತಿ, ಮಾತಾಡಿದ್ದ ತಾಯಂದಿರಿಗೆಲ್ಲ ಮೊದಲಿನಿಂದ ಮತ್ತೆ ಕರೆ ಮಾಡತೊಡಗಿದರು.