ಹಕ್ಕಿ ಕೂತಿರುವ ಮನೆ

ನನ್ನ ಗಂಟಲು ದೊಡ್ಡದು. ಹುಟ್ಟಿದಾಗ ನಾನು ಅತ್ತ ಅಳುವಿಗೆ ಸೂಲಗಿತ್ತಿಯೇ ಬೆಚ್ಚಿಬಿದ್ದಳಂತೆ. ಅಂಥವಳು ಹೋಗಿ ಹೋಗಿ, ಪಿಸುಮಾತಿನಲ್ಲೇ ಬಾಳುವ ಮನೆಯವನನ್ನು ಮೆಚ್ಚಿ ಮದುವೆಯಾದೆ ನೋಡಿ, ನನ್ನ ಬುದ್ಧಿಗೆ ಏನೆನ್ನಬೇಕು!

ಚಳಿಗಾಲವನ್ನು ಬಡಗಣ ಕಡಲಿನ ವೇಗಾ ದ್ವೀಪದ ಊರಿನಲ್ಲಿ ಕಳೆದು, ಹಿಮ ಕರಗಿದ ಕೂಡಲೇ ನಾನೂ ಗಂಡ ಹಾಲ್ವರನೂ ದೋಣಿಯಲ್ಲಿ ಈ ನಡುಗಡ್ಡೆಗೆ ಬಂದುಬಿಡುತ್ತೇವೆ. ಇಲ್ಲಿ ಇರುವುದು ನಮ್ಮದೊಂದೇ ಮನೆ, ಒಂದು ದೋಣಿಕೊಟ್ಟಿಗೆ. ಉಳಿದದ್ದೆಲ್ಲ ಕಲ್ಲು, ಹುಲ್ಲು, ಗಾಳಿ. ಕಡಲಬಾತುಗಳು ಮೊಟ್ಟೆಯಿಡಲು ದಡಕ್ಕೆ ಬರುವ ಮುಂಚೆ ಅವುಗಳ ಮನೆಗಳು ಸಿದ್ಧವಾಗಬೇಕು. ಕಲ್ಲು ಪೇರಿಸಿ, ಅಲೆ ತಂದು ಹಾಕಿದ ಹಲಗೆ ಮುಚ್ಚಿ, ಒಳಗೆ ಒಣಗಿದ ಕಡಲಪಾಚಿ ಹಾಸಿ, ಒಂದೊಂದು ಹಕ್ಕಿಗೂ ಒಂದೊಂದು ಪುಟ್ಟ ಮನೆ. ನಮ್ಮ ಬಾಗಿಲ ಮೆಟ್ಟಿಲ ಕೆಳಗೂ ಒಂದಿದೆ. ಹಕ್ಕಿ ತನ್ನ ಎದೆಯ ತುಪ್ಪುಳ ಕಿತ್ತು ಮೊಟ್ಟೆಗೆ ಹೊದಿಸುತ್ತದೆ. ಮರಿಗಳನ್ನು ಕರೆದುಕೊಂಡು ಅದು ಕಡಲಿಗಿಳಿದ ಮೇಲೆ ಆ ತುಪ್ಪುಳ ನಮ್ಮದು, ರಜಾಯಿ ತುಂಬಲು. ಅದಕ್ಕೆ ಬದಲಾಗಿ ಕಡಲಕಾಗೆಯಿಂದ, ನೀರುನಾಯಿಯಿಂದ ಅದನ್ನು ಕಾಯುವುದು ನಮ್ಮ ಕೆಲಸ. ಇನ್ನೊಂದು ಕೆಲಸ, ಬಾಯಿ ಮುಚ್ಚಿಕೊಂಡಿರುವುದು.

ಹಕ್ಕಿ ಕೂತಿರುವಷ್ಟು ದಿನ ಸುತ್ತಿಗೆ ಮುಟ್ಟುವಂತಿಲ್ಲ, ನೆಂಟರು ಬರುವಂತಿಲ್ಲ, ಹೊರಗೆ ಬಟ್ಟೆ ಹರವುವಂತಿಲ್ಲ. ಅದೇ ಬೂದು ಸ್ವೆಟರು, ಅದೇ ಕಾಲುದಾರಿ, ಅದೇ ಮೆಲ್ಲನೆಯ ನಡಿಗೆ. ಸೀನು ಬಂದರೆ ನಾನು ದಿಂಬಿನೊಳಗೆ ಮುಖ ತುರುಕಬೇಕು. ಹಾಲ್ವರನ ಅಪ್ಪ, ಅಜ್ಜ ಎಲ್ಲರೂ ಹೀಗೇ ಬಾಳಿದವರು. ಅವನು ಜಗಳವಾಡುವುದೂ ಪಿಸುಗುಟ್ಟಿಯೇ. ಮನುಷ್ಯನಿಗೆ ಸಿಟ್ಟು ಬಂದಿದೆಯೋ ಗಂಟಲು ಕಟ್ಟಿದೆಯೋ ಇಷ್ಟು ವರ್ಷ ಸಂಸಾರ ಮಾಡಿದ ನನಗೇ ತಿಳಿಯುವುದಿಲ್ಲ.

ಆ ವಸಂತದಲ್ಲಿ ರೂನಾ ನಮ್ಮ ಜೊತೆಗಿದ್ದಳು. ನಮ್ಮ ಒಬ್ಬಳೇ ಮಗಳು ಸೂಲ್ವಿಯ ಮಗಳು, ಆರು ವರ್ಷದ ಕೂಸು. ಸೂಲ್ವಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಅವಳನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದರು. ಅಳಿಯ ಎಸ್ಪೆನ್ ಅವಳ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. "ಅವಳು ಹುಷಾರಾಗೋ ತನಕ ಇವಳನ್ನ ನೋಡ್ಕೊಳ್ಳಿ ಅತ್ತೆ" ಎಂದು ಮಗುವನ್ನು ನಮ್ಮ ಕೈಗೆ ಕೊಟ್ಟು ಹೋದ. ಹುಷಾರಾಗುತ್ತಾಳೆ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಅಷ್ಟೆ.

ಮಗುವಿಗೆ ಅದರ ತಾತ ಹೇಳಿದ್ದೇ ವೇದ. ಇಬ್ಬರೂ ದೋಣಿಯಲ್ಲಿ ಹೋಗಿ ಕಡಲಪಾಚಿ ತುಂಬಿಕೊಂಡು ಬರುವರು, ಮೈಯೆಲ್ಲ ಗಬ್ಬುನಾತ. ಒಂದು ದಿನ ಅವಳ ಗಾಳಕ್ಕೆ ಅಂಗೈಯಗಲದ ಮೀನು ಸಿಕ್ಕಿತು. ಆ ಸಂಭ್ರಮಕ್ಕೆ ದಡದ ಮೇಲೆ ಒಂದಿಷ್ಟೂ ಸದ್ದಿಲ್ಲದೆ ಕುಣಿದಳು, ಬಾಯಿ ಮಾತ್ರ ಅಗಲಕ್ಕೆ ತೆರೆದಿತ್ತು. ನೋಡಿ ನನಗೆ ನಗು ತಡೆಯಲಾಗದೆ ಏಪ್ರನ್ನನ್ನೇ ಬಾಯಿಗೆ ಒತ್ತಿಕೊಂಡೆ.

"ಅಜ್ಜಿ, ಅಜ್ಜಿ, ಮೆಟ್ಟಿಲ ಕೆಳಗೆ ಬಂದು ಕೂತ್ಲು!" ಎಂದು ಒಂದು ಬೆಳಿಗ್ಗೆ ನನ್ನ ಕಿವಿಯಲ್ಲಿ ಉಸುರಿದಳು.

ಬಗ್ಗಿ ನೋಡಿದೆ. ಕಂದು ಬಣ್ಣದ ಹೆಣ್ಣುಹಕ್ಕಿ, ಇಗರ್ಜಿಗೆ ತಪ್ಪಿಸಿಕೊಂಡವರನ್ನು ನೋಡುವ ಹಾಗೆ ನನ್ನನ್ನು ದುರುಗುಟ್ಟಿ ನೋಡಿತು.

"ಅಯ್ಯೋ, ಇವಳು ನಮ್ಮ ಪಾದ್ರಿಯ ಹೆಂಡ್ತಿ ಕಣೇ!" ಎಂದೆ. ಅಂದಿನಿಂದ ಅವಳಿಗೆ ಪಾದ್ರಿಯಮ್ಮ ಎಂದೇ ಹೆಸರು.

"ತಾತ, ನಾನು ಜೋರಾಗಿ ಕೂಗಿದ್ರೆ ಏನಾಗುತ್ತೆ?"

"ತಾಯಿ ಹೆದರಿ ಎದ್ದುಹೋಗ್ತಾಳೆ ಪುಟ್ಟಿ. ಹೋದವಳು ತಿರುಗಿ ಬರಲ್ಲ. ಮೊಟ್ಟೆ ತಣ್ಣಗಾಗಿ ಹೋಗುತ್ತೆ." ಇವನ ಅಪ್ಪ ಇವನಿಗೆ ಹೇಳಿದ್ದೂ ಅದನ್ನೇ. ರೂನಾ ತಲೆಯಾಡಿಸಿದಳು. ಅವಳ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಹಕ್ಕಿಯ ಮೇಲಿನ ಕನಿಕರ ಎಂದುಕೊಂಡೆ.

ಜೂನ್ ತಿಂಗಳು ಬಂತು. ಒಂದು ಮಧ್ಯಾಹ್ನ ನಾನು ಆಲೂಗಡ್ಡೆ ಬೇಯಲು ಇಟ್ಟಿದ್ದೆ; ಹಾಲ್ವರನೂ ರೂನಾಳೂ ಊಟಕ್ಕೆ ಕಾಯುತ್ತಾ ಮೇಜಿನ ಬಳಿ ಕುಳಿತಿದ್ದರು. ಕಿಟಕಿಯಲ್ಲಿ ಎಸ್ಪೆನ್ ಕಂಡ. ಹಕ್ಕಿಗಳಿಗೆ ತೊಂದರೆಯಾಗದಿರಲೆಂದು ದೋಣಿಯನ್ನು ಆಚೆ ಮಗ್ಗುಲಲ್ಲೇ ಕಟ್ಟಿ, ಕಲ್ಲುಬಂಡೆ ದಾಟಿ ನಡೆದು ಬರುತ್ತಿದ್ದ. ಅವನ ನಡಿಗೆಯಲ್ಲೇ ನನಗೆ ಗೊತ್ತಾಗಿಹೋಯಿತು. ಒಳಗೆ ಬಂದವನು ಮೇಜಿನ ಅಂಚು ಹಿಡಿದು ನಿಂತ. ಮಗುವಿನ ಮುಂದೆ ಮಂಡಿಯೂರಿ ಕುಳಿತು, "ರೂನಾ, ಅಮ್ಮ ಹೋಗ್ಬಿಟ್ಲು ಕಂದಾ. ಬೆಳಿಗ್ಗೆ ತೀರ್ಕೊಂಡ್ಲು" ಎಂದ.

ಮಗು ಅವನನ್ನೇ ನೋಡಿತು. ಆಮೇಲೆ ಬಾಯಿ ತೆರೆಯಿತು. ಒಳಗಿನಿಂದ ಒಂದು ಸದ್ದು ಎದ್ದು ಬರತೊಡಗಿತು. ಕೆಳಗೆ ಮೆಟ್ಟಿಲಡಿಯಲ್ಲಿ ಹಕ್ಕಿ ಕೂತಿತ್ತು, ಬಾಗಿಲು ತೆರೆದಿತ್ತು. ಹಾಲ್ವರ್ ಬೆರಳನ್ನು ತುಟಿಯ ಮೇಲಿಟ್ಟು, "ಶ್ಶ್! ಹಕ್ಕಿ ಕೂತಿದೆ" ಎಂದುಬಿಟ್ಟ.

ಬೇಕೆಂದು ಹೇಳಿದ್ದಲ್ಲ. ಅವನ ಬೆರಳು ಬಾಳೆಲ್ಲ ಮಾಡಿದ್ದನ್ನೇ ಮಾಡಿತು. ಹೇಳಿದ ಮರುಗಳಿಗೆ ಅವನ ಮುಖ ಬಿಳಿಚಿಹೋಯಿತು. ಆದರೆ ಅಷ್ಟು ಹೊತ್ತಿಗೆ ರೂನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಂದ ಅಳು ಒಳಗೇ ಹೋಯಿತು. ಒಲೆಯ ಮೇಲೆ ಆಲೂಗಡ್ಡೆ ತಳ ಹಿಡಿದು ಸೀಯುತ್ತಿತ್ತು.

ಹಕ್ಕಿಗಳನ್ನು ಒಂದು ದಿನ ದೇವರ ಪಾಲಿಗೆ ಬಿಟ್ಟು ವೇಗಾಕ್ಕೆ ಹೋಗಿ ಮಗಳನ್ನು ಮಣ್ಣು ಮಾಡಿ ಬಂದೆವು. ನಾನು ಇಗರ್ಜಿಯಲ್ಲಿ ಎದೆ ಬಡಿದುಕೊಂಡು ಅತ್ತೆ. ಜನ ತಿರುಗಿ ನೋಡಿದರು, ನೋಡಲಿ. ಹೆತ್ತ ಕರುಳು ನನ್ನದು. ರೂನಾ ಮಾತ್ರ ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದಳು, ಕಣ್ಣಲ್ಲಿ ಒಂದು ಹನಿ ಇಲ್ಲ. "ಎಂಥಾ ಗಟ್ಟಿ ಮಗು!" ಎಂದು ಯಾರೋ ಮೆಚ್ಚಿಕೊಂಡರು. ಅವರ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು ನನಗೆ.

"ಮನೇಲಿ ಎಲ್ಲಾ ಕಡೆ ಅವಳ ಬಟ್ಟೆ, ಅವಳ ಚಪ್ಪಲಿ. ಇನ್ನೊಂದಿಷ್ಟು ದಿನ ಮಗು ನಿಮ್ಮ ಜೊತೇಲೇ ಇರ್ಲಿ" ಎಂದ ಎಸ್ಪೆನ್. ಹೀಗೆ ಮೂವರೂ ಮರಳಿ ಬಂದೆವು.

ಅಲ್ಲಿಂದ ಶುರುವಾಯಿತು ನೋಡಿ. ಮಗು ಪಿಸುಗುಟ್ಟುವುದು ಬಿಟ್ಟು ಬೇರೆ ದನಿಯಲ್ಲಿ ಮಾತೇ ಆಡುವುದಿಲ್ಲ. ಮನೆಯೊಳಗೂ ಅಷ್ಟೆ, ದೋಣಿಯಲ್ಲಿ ನಡುಗಡಲಿಗೆ ಹೋದರೂ ಅಷ್ಟೆ. ಗಂಜಿಯನ್ನು ಚಮಚದಿಂದ ಆಚೀಚೆ ಸರಿಸುತ್ತಾಳೆ, ಚಮಚ ತಟ್ಟೆಗೆ ತಗುಲದಂತೆ. ಬಿದ್ದು ಮೊಣಕಾಲಿನ ಸಿಪ್ಪೆ ಸುಲಿದು ರಕ್ತ ಬಂದರೂ ತುಟಿ ಬಿಚ್ಚಲಿಲ್ಲ. ಹಗಲೆಲ್ಲ ಮೆಟ್ಟಿಲ ಬಳಿ ಕುಳಿತು ಪಾದ್ರಿಯಮ್ಮನನ್ನು ಕಾಯುತ್ತಾಳೆ. ಅವಳ ಕೆನ್ನೆ ಒಳಗಿಳಿಯುತ್ತಾ ಬಂತು. ಮಗಳು ಹೋದಳು, ಇದೂ ಹೀಗೇ ಬತ್ತಿಹೋದರೆ ಏನು ಗತಿ ಎಂದು ರಾತ್ರಿಯೆಲ್ಲ ಅವಳ ಉಸಿರು ಕೇಳುತ್ತಾ ಮಲಗುತ್ತಿದ್ದೆ.

ದೋಣಿಕೊಟ್ಟಿಗೆಯಲ್ಲಿ ಹಾಲ್ವರನನ್ನು ತರಾಟೆಗೆ ತೆಗೆದುಕೊಂಡೆ. ಆಗಲೂ ಪಿಸುಮಾತಿನಲ್ಲೇ, ನನ್ನ ಕರ್ಮ.

"ಮಗೂಗೆ ಅಳೋಕೂ ಬಿಡ್ಲಿಲ್ವಲ್ಲೋ ಮಾರಾಯ! ನಿನ್ನ ಎದೇಲಿರೋದು ಕಲ್ಲಾ?"

"ಬೇಕೂಂತ ಅಂದ್ನಾ ನಾನು?"

"ಬೇಕೂಂತ ಅನ್ನದೇ ಇದ್ರೂ ಅಂದಿದ್ದು ಅಂದಿದ್ದೇ ತಾನೆ? ನಿನ್ನ ಹಕ್ಕಿ, ನಿನ್ನ ತುಪ್ಪುಳ! ಅದರಲ್ಲೇ ನಿನ್ನ ಹೂತುಹಾಕ್ತೀನಿ ನೋಡು!"

ಅವನು ಹರಿದ ಬಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಕುಳಿತ. "ನಾನೂ ಹೇಳಿ ನೋಡ್ದೆ ಕಣೇ. ಅಳು ಪುಟ್ಟಿ, ತಾತ ಏನೂ ಅನ್ನಲ್ಲ ಅಂದೆ. ತಲೆ ಅಲ್ಲಾಡಿಸಿಬಿಟ್ಲು" ಎಂದ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಉಳಿದ ಸಂಕಟವನ್ನು ಎಲ್ಲಿ ಹಾಕುವುದೋ ತಿಳಿಯಲಿಲ್ಲ.

ಮಾರನೆಯ ಸಂಜೆ ರೂನಾಳ ತಲೆ ಬಾಚುತ್ತಿದ್ದೆ. ಅವಳಮ್ಮನದೇ ಕೂದಲು, ಬಾಚಣಿಗೆಗೆ ಬಗ್ಗದ ಜಾತಿ.

"ಅಜ್ಜಿ, ನಾನು ಗದ್ದಲ ಮಾಡ್ದೆ" ಎಂದಳು ಇದ್ದಕ್ಕಿದ್ದಂತೆ.

"ಯಾವಾಗ ಕಂದಾ? ನಿನ್ನ ಸದ್ದೇ ಇಲ್ವಲ್ಲ."

"ಇಲ್ಲಲ್ಲ, ನಮ್ಮನೇಲಿ. ಅಮ್ಮ ಮಲಗಿದ್ಲು. ಸದ್ದು ಮಾಡ್ಬೇಡ ಅಂತ ಅಪ್ಪ ಹೇಳಿದ್ರು. ನಾನು ಪಾತ್ರೆ ಬಡ್ಕೊಂಡು ಕುದುರೆ ಆಟ ಆಡ್ದೆ. ಅಮ್ಮ ಎದ್ಬಿಟ್ಲು. ಅವತ್ತೇ ಆಸ್ಪತ್ರೆಗೆ ಹೋದ್ಲು." ಮೊಣಕಾಲಿನ ಹಕ್ಕಳೆಯನ್ನು ಬೆರಳಿಂದ ಕೆರೆಯುತ್ತಾ, "ಹೋದವಳು ತಿರುಗಿ ಬರ್ಲೇ ಇಲ್ಲ" ಎಂದಳು.

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಇಷ್ಟು ದಿನ ಈ ಎಳೇ ಜೀವ ಇದನ್ನು ಹೊತ್ತುಕೊಂಡು ತಿರುಗುತ್ತಿತ್ತೇ! ಬಾಚಿ ತಬ್ಬಿಕೊಂಡು ಏನೇನೋ ಹೇಳಿದೆ. ಅಮ್ಮನಿಗೆ ಕಾಯಿಲೆ ಇತ್ತು, ನಿನ್ನ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ, ನಿನ್ನ ಸದ್ದು ಕೇಳಿ ಅವಳಿಗೆ ಖುಷಿಯೇ ಆಗಿರುತ್ತದೆ ಎಂದೆ. ಅವಳು ಮರ್ಯಾದೆಗೆಂಬಂತೆ ಕೇಳಿಸಿಕೊಂಡಳು. ಕೊನೆಗೆ, "ತಾತಂಗೆ ಗೊತ್ತು ಅಜ್ಜಿ. ಗದ್ದಲ ಮಾಡಿದ್ರೆ ತಾಯಿ ಹೋಗ್ತಾಳೆ ಅಂತ ತಾತನೇ ಹೇಳಿದ್ದು" ಎಂದಳು.

ಹಾಲ್ವರನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವನು ಬಾಯಿಗೆ ಸಿಕ್ಕಿಸಿಕೊಂಡ ಪೈಪನ್ನು ಹಚ್ಚಲೂ ಇಲ್ಲ, ತೆಗೆಯಲೂ ಇಲ್ಲ.

ಬೆಳಗಿನ ಗಂಜಿ ಕುಡಿದ ಮೇಲೆ ಅವನು ರೂನಾಳ ಕೈ ಹಿಡಿದು ಎಬ್ಬಿಸಿದ. "ಬಾ ಪುಟ್ಟಿ. ತಾತ ನಿಂಗೊಂದು ತಪ್ಪು ಮಾತು ಹೇಳಿಕೊಟ್ಟಿದ್ದೀನಿ. ಅದನ್ನ ಸರಿ ಮಾಡ್ಬೇಕು."

ಹೊರಗೆ ಮೆಟ್ಟಿಲ ಮುಂದೆ ಹೋಗಿ ನಿಂತರು. ನಾನು ಬಾಗಿಲಲ್ಲಿದ್ದೆ. ಅವನು ಏನು ಮಾಡಲು ಹೊರಟಿದ್ದಾನೆಂದು ಹೊಳೆದಾಗ ನನಗೆ ಜೀವ ಬಾಯಿಗೆ ಬಂತು. ಅವನ ಅಪ್ಪನ ಕಾಲದಲ್ಲಿ ಬರುತ್ತಿದ್ದ ಹಕ್ಕಿಗಳಲ್ಲಿ ಈಗ ಬರುವುದು ಕಾಲುಪಾಲೂ ಇಲ್ಲ. ಒಮ್ಮೆ ಬೆದರಿ ನಡುಗಡ್ಡೆ ಬಿಟ್ಟರೆ ಮತ್ತೆ ಯಾವ ವಸಂತಕ್ಕೂ ಬಾರದೆ ಹೋಗಬಹುದು. ಎಷ್ಟೋ ದಿನ ಕಾವು ಕೊಟ್ಟ ಹಕ್ಕಿ ಮೊಟ್ಟೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂದು ಅವನಿಗೆ ಗೊತ್ತು, ನನಗೂ ಗೊತ್ತು. ಆದರೆ ಅದು ಬಾರದೇ ಹೋದರೆ? ಈ ಮಗುವಿನ ಕಣ್ಣೆದುರಿಗೇ?

ಅವನು ಬಾಯಿ ತೆರೆದ. ಬರೀ ಗಾಳಿ ಹೊರಟಿತು. ಕೂಗಿ ಅಭ್ಯಾಸವಿದ್ದರೆ ತಾನೆ! ಕೆಮ್ಮಿ, ಕಾಲು ಅಗಲಿಸಿ ನಿಂತು, ಮತ್ತೆ ಎಳೆದುಕೊಂಡ ಉಸಿರಿನಲ್ಲಿ ಅವನು ಕೂಗಿದ್ದು ನಮ್ಮ ಮಗಳ ಹೆಸರನ್ನು.

"ಸೂಲ್ವೀ! ಸೂಲ್ವೀ!"

ಅಂಥ ದನಿ ಅವನೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಪಾದ್ರಿಯಮ್ಮ ಮೆಟ್ಟಿಲಡಿಯಿಂದ ಚಿಮ್ಮಿ, ಹೆದರಿಕೆಗೆ ಮೊಟ್ಟೆಗಳ ಮೇಲೆಲ್ಲ ಹಿಕ್ಕೆ ಸಿಡಿಸಿ, ಕಡಲಿನತ್ತ ಹಾರಿದಳು. ಅಲ್ಲೊಂದು ಇಲ್ಲೊಂದು ಗೂಡಿನಿಂದ ಹಕ್ಕಿಗಳು ಎದ್ದವು. ಕಡಲಕಾಗೆಗಳಿಗೆ ಅಷ್ಟೇ ಸಾಕಾಗಿತ್ತು. ಹಾಲ್ವರ್ ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟು ಹಿಡಿದು ಅವುಗಳ ಹಿಂದೆ ಓಡಿದ. ಒಂದೆರಡು ಗೂಡು ಕೈತಪ್ಪಿದವು; ಕಡಲಕಾಗೆಯೊಂದು ಒಡೆದ ಮೊಟ್ಟೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿದ್ದನ್ನು ನಾನು ನೋಡಿದೆ. ರೂನಾ ಮರಗಟ್ಟಿ ನಿಂತಿದ್ದಳು. "ಹೋದ್ಲು" ಎಂದಳು ಪಿಸುದನಿಯಲ್ಲಿ.

"ನೋಡ್ತಿರು" ಎಂದ ಹಾಲ್ವರ್. ಏದುಸಿರು ಬಿಡುತ್ತಾ ಬಂದು, ಅಂಚಿಗೆ ಸರಿದಿದ್ದ ತುಪ್ಪುಳವನ್ನು ಮೊಟ್ಟೆಗಳಿಗೆ ಹೊದಿಸಿ, ದೂರ ಸರಿದು ಹುಲ್ಲಿನ ಮೇಲೆ ಕುಳಿತ. ನಾವೂ ಕುಳಿತೆವು. ಗಾಳಿ ಬೀಸುತ್ತಿತ್ತು. ಎಷ್ಟು ಹೊತ್ತು ಕುಳಿತೆವೋ, ನನ್ನ ಕಾಲು ಜೋಮು ಹಿಡಿದಿತ್ತು. ಬಾರೇ ಪುಣ್ಯಾತ್ಗಿತ್ತಿ, ಬಾರೇ ಎಂದು ನಾನು ಒಳಗೊಳಗೇ ಅಂಗಲಾಚುತ್ತಿದ್ದೆ.

ಬಂದಳು. ನೀರಿನಂಚಿನಿಂದ ಹೊಯ್ದಾಡಿಕೊಂಡು ನಡೆದು ಬಂದಳು. ನಮ್ಮನ್ನು ಕಂಡು ನಿಂತಳು, ಕತ್ತು ಚಾಚಿದಳು, ಮತ್ತೆ ನಡೆದಳು. ಮೆಟ್ಟಿಲಡಿ ನುಗ್ಗಿ, ಕೊಳೆಯಾದ ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಸಿಕೊಂಡು ಅವುಗಳ ಮೇಲೆ ಕುಳಿತಳು.

"ನೋಡಿದ್ಯಾ ಪುಟ್ಟಿ?" ಎಂದ ಹಾಲ್ವರ್, ಕೂಗಿ ಒಡೆದ ಗಂಟಲಿನಲ್ಲಿ. "ಸದ್ದಿಗೆ ಹೆದರಿ ಎದ್ದುಹೋದ್ರೂ ಬರ್ತಾಳೆ. ಗದ್ದಲ ಮಾಡಿದ್ರು ಅಂತ ಯಾವ ತಾಯೀನೂ ಬಿಟ್ಟುಹೋಗಲ್ಲ. ತಾತ ಹೇಳಿದ್ದು ತಪ್ಪು."

ರೂನಾ ಮೆಟ್ಟಿಲಡಿಯ ಹಕ್ಕಿಯನ್ನು ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ನಮ್ಮತ್ತ ತಿರುಗಿ, ಎಷ್ಟೋ ದಿನದ ಮೇಲೆ ಪೂರ್ತಿ ದನಿಯಲ್ಲಿ ಕೇಳಿದಳು.

"ಹಂಗಾದ್ರೆ ನಮ್ಮಮ್ಮ ಯಾಕೆ ಬರ್ಲಿಲ್ಲ?"

ಹಾಲ್ವರ್ ನನ್ನ ಮುಖ ನೋಡಿದ.

"ಅವಳಿಗೆ ಬರೋಕೆ ಆಗ್ಲಿಲ್ಲ ಕಂದಾ" ಎಂದೆ. "ಬರ್ಬೇಕು ಅಂತ ಎಷ್ಟು ಒದ್ದಾಡಿದ್ಲೋ. ಆಗ್ಲಿಲ್ಲ. ಸತ್ತುಹೋದ್ಲು. ಇನ್ನು ಬರಲ್ಲ."

ಆಗ ಅವಳು ಅತ್ತಳು. ಹುಲ್ಲಿನ ಮೇಲೆ ಬಿದ್ದು, ಕೈಕಾಲು ಬಡಿದು, ಅಮ್ಮಾ ಅಮ್ಮಾ ಎಂದು, ಆಚೆ ದ್ವೀಪಕ್ಕೂ ಕೇಳಿಸುವಷ್ಟು ಜೋರಾಗಿ ಅತ್ತಳು. ಗಂಟಲು ನನ್ನದೇ. ಹಕ್ಕಿಗಳು ಮತ್ತೆ ಎದ್ದವು, ಕಡಲಕಾಗೆಗಳು ಇಳಿದವು. ಹುಟ್ಟು ಹಾಲ್ವರನ ಕಾಲ ಬಳಿಯೇ ಬಿದ್ದಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ, ಮಗುವನ್ನು ಎತ್ತಿಕೊಂಡ.